ವಿಶ್ವವಿದ್ಯಾಲಯ ಪ್ರಯೋಗಾಲಯ ಸುರಕ್ಷತೆ

ವಿಶ್ವವಿದ್ಯಾಲಯ ಪ್ರಯೋಗಾಲಯ ಸುರಕ್ಷತೆ ಎಂಬುದು ಕಾಲೇಜು, ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರ ಜೀವ, ಆರೋಗ್ಯ ಮತ್ತು ಸುತ್ತಲ ಪರಿಸರವನ್ನು ಕಾಪಾಡಲು ರೂಪಿಸಲಾದ ನಿಯಮಗಳು, ಸಲಕರಣೆಗಳು ಹಾಗೂ ಕಾರ್ಯಪದ್ಧತಿಗಳ ಒಟ್ಟು ಹೆಸರು. ರಾಸಾಯನಿಕಗಳು, ಬೆಂಕಿ, ಅಧಿಕ ಒತ್ತಡದ ಅನಿಲಗಳು, ವಿದ್ಯುತ್, ಯಂತ್ರಗಳು, ರೋಗಕಾರಕ ಸೂಕ್ಷ್ಮಜೀವಿಗಳು, ಲೇಸರ್ ಮತ್ತು ವಿಕಿರಣಗಳಿಂದ ಉಂಟಾಗುವ ಅಪಾಯಗಳು ಇದರ ವ್ಯಾಪ್ತಿಗೆ ಬರುತ್ತವೆ.

ಕಾರ್ಖಾನೆಗೆ ಹೋಲಿಸಿದರೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಳಕೆಯಾಗುವ ವಸ್ತುಗಳ ಪ್ರಮಾಣ ಕಡಿಮೆ. ಆದರೆ ಅವುಗಳ ವೈವಿಧ್ಯ ಹೆಚ್ಚು. ಕಾರ್ಖಾನೆಯಲ್ಲಿ ಒಂದೇ ಪ್ರಕ್ರಿಯೆ ವರ್ಷಗಟ್ಟಲೆ ನಡೆಯುತ್ತದೆ. ಸಂಶೋಧನೆಯಲ್ಲಿ ಪ್ರಕ್ರಿಯೆ ಆಗಾಗ ಬದಲಾಗುತ್ತದೆ. ಕೆಲವೊಮ್ಮೆ ಹಿಂದೆ ಯಾರೂ ಮಾಡಿರದ ಪ್ರಯೋಗವೇ ನಡೆಯುತ್ತದೆ. ಕೆಲಸ ಮಾಡುವವರು ಇನ್ನೂ ಕಲಿಯುತ್ತಿರುವವರಾಗಿದ್ದು, ಕೆಲವೇ ವರ್ಷಗಳಲ್ಲಿ ಪದವಿ ಪಡೆದು ಹೊರಡುತ್ತಾರೆ. ಅವರೊಂದಿಗೆ ಅವರ ಅನುಭವವೂ ಹೊರಟುಹೋಗುತ್ತದೆ. ಈ ಕಾರಣದಿಂದ ಸುರಕ್ಷತೆಯ ತಿಳಿವಳಿಕೆಯನ್ನು ಬರಹದಲ್ಲಿ ದಾಖಲಿಸಿ ಪ್ರತಿ ಹೊಸ ತಂಡಕ್ಕೂ ಮತ್ತೆ ಕಲಿಸುವುದು ವಿಶ್ವವಿದ್ಯಾಲಯಗಳಲ್ಲಿ ವಿಶೇಷ ಮಹತ್ವ ಪಡೆದಿದೆ.

ಇತಿಹಾಸ

ರಸಾಯನಶಾಸ್ತ್ರದ ಆರಂಭಿಕ ಕಾಲದಲ್ಲಿ ಗಾಯಗಳನ್ನು ವೃತ್ತಿಯ ಸಹಜ ಭಾಗವೆಂದೇ ಭಾವಿಸಲಾಗುತ್ತಿತ್ತು. ಫ್ರಾನ್ಸಿನ ಪಿಯರ್ ಲೂಯಿ ಡುಲಾಂಗ್ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸ್ಫೋಟಕ ಸಂಯುಕ್ತವನ್ನು ಕಂಡುಹಿಡಿಯುವ ಹಾದಿಯಲ್ಲಿ ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡನು. 1812ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಅದೇ ವಸ್ತುವನ್ನು ತಯಾರಿಸಲು ಹೋಗಿ ಕಣ್ಣಿಗೆ ಗಾಯ ಮಾಡಿಕೊಂಡನು. ಬರೆಯಲು ನೆರವು ಬೇಕಾದಾಗ ಆತನ ಬಳಿಗೆ ಬಂದವನು ಯುವಕ ಮೈಕೆಲ್ ಫ್ಯಾರಡೆ. ಜರ್ಮನಿಯ ರಾಬರ್ಟ್ ಬುನ್ಸೆನ್ ಆರ್ಸೆನಿಕ್ ಹೊಂದಿರುವ ಕ್ಯಾಕೋಡಿಲ್ ಸಂಯುಕ್ತಗಳ ಅಧ್ಯಯನದಲ್ಲಿ ನಡೆದ ಸ್ಫೋಟದಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡನು. ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡದ್ದು ಅಪ್ಲಾಸ್ಟಿಕ್ ಅನೀಮಿಯಾ ಎಂಬ ರಕ್ತದ ಕಾಯಿಲೆಯಿಂದ. ದೀರ್ಘಕಾಲ ವಿಕಿರಣಕ್ಕೆ ಒಡ್ಡಿಕೊಂಡದ್ದೇ ಅದಕ್ಕೆ ಕಾರಣವೆಂದು ತಿಳಿಯಲಾಗಿದೆ. ಆಕೆಯ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣಶೀಲವಾಗಿವೆ.

ವಿದ್ಯಾರ್ಥಿಗಳು ಒಂದೆಡೆ ಸೇರಿ ಪ್ರಯೋಗ ಮಾಡಿ ಕಲಿಯುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದವನು 1824ರಲ್ಲಿ ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ ಯೂಸ್ಟಸ್ ಲೀಬಿಗ್. ಈ ಪದ್ಧತಿ ಹರಡಿದಂತೆ ಅಪಾಯವು ಒಬ್ಬ ವಿಜ್ಞಾನಿಯ ಸ್ವಂತ ವಿಷಯವಾಗಿ ಉಳಿಯದೆ ಸಂಸ್ಥೆಯ ಹೊಣೆಯಾಯಿತು. ಆದರೂ ಲಿಖಿತ ನಿಯಮಗಳು ವ್ಯವಸ್ಥಿತ ರೂಪ ಪಡೆದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1981ರಲ್ಲಿ ರಾಸಾಯನಿಕ ಪ್ರಯೋಗಾಲಯಗಳಿಗೆ ಮಾರ್ಗದರ್ಶಿ ಗ್ರಂಥವೊಂದನ್ನು ಪ್ರಕಟಿಸಿತು. 1990ರಲ್ಲಿ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ಪ್ರಯೋಗಾಲಯಗಳಿಗಾಗಿಯೇ ಪ್ರತ್ಯೇಕ ನಿಯಮವನ್ನು ಜಾರಿಗೆ ತಂದಿತು. ವಿಶ್ವಸಂಸ್ಥೆಯ ಮೂಲಕ 2003ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಜಾಗತಿಕ ಏಕರೂಪ ವರ್ಗೀಕರಣ ಪದ್ಧತಿಯಿಂದ ರಾಸಾಯನಿಕಗಳ ಅಪಾಯ ಸೂಚಿಸುವ ಚಿಹ್ನೆಗಳು ಹಲವು ದೇಶಗಳಲ್ಲಿ ಒಂದೇ ರೀತಿಯಾದವು.

ಅಪಾಯದ ಅಂದಾಜು

ಸುರಕ್ಷತಾ ಶಾಸ್ತ್ರದಲ್ಲಿ ಅಪಾಯಕಾರಿ ಗುಣ ಮತ್ತು ಅಪಾಯದ ಸಾಧ್ಯತೆ ಎಂಬ ಎರಡು ಪರಿಕಲ್ಪನೆಗಳನ್ನು ಬೇರೆಬೇರೆಯಾಗಿ ಪರಿಗಣಿಸಲಾಗುತ್ತದೆ. ಸಲ್ಫ್ಯೂರಿಕ್ ಆಮ್ಲವು ಚರ್ಮವನ್ನು ಸುಡುವುದು ಅದರ ಗುಣ, ಅದನ್ನು ಬದಲಿಸಲಾಗದು. ಆದರೆ ಆ ಆಮ್ಲ ವ್ಯಕ್ತಿಯ ಮೈಮೇಲೆ ಬೀಳುವ ಸಾಧ್ಯತೆಯು ಬಳಸುವ ಪ್ರಮಾಣ, ಸಾಂದ್ರತೆ, ಪಾತ್ರೆ ಮತ್ತು ವಿಧಾನವನ್ನು ಅವಲಂಬಿಸಿದೆ. ಸುರಕ್ಷತಾ ಕ್ರಮಗಳು ಈ ಎರಡನೆಯದನ್ನು ತಗ್ಗಿಸುತ್ತವೆ.

ಪ್ರಯೋಗಕ್ಕೆ ಮುನ್ನ ನಾಲ್ಕು ಹಂತಗಳಲ್ಲಿ ಯೋಚಿಸುವ ಕ್ರಮ ವ್ಯಾಪಕವಾಗಿ ಬಳಕೆಯಲ್ಲಿದೆ: ಅಪಾಯವನ್ನು ಗುರುತಿಸುವುದು, ಅದರ ಪ್ರಮಾಣವನ್ನು ಅಂದಾಜಿಸುವುದು, ಅದನ್ನು ತಗ್ಗಿಸುವುದು ಮತ್ತು ಮಿಕ್ಕ ಅಪಾಯಕ್ಕೆ ಸಿದ್ಧವಾಗಿರುವುದು. ಮೊದಲ ಹಂತಕ್ಕೆ ಮುಖ್ಯ ಆಧಾರ ಪ್ರತಿ ರಾಸಾಯನಿಕದೊಂದಿಗೆ ತಯಾರಕರು ಒದಗಿಸುವ ಸುರಕ್ಷತಾ ಮಾಹಿತಿ ಪತ್ರ. ಜಾಗತಿಕ ಪದ್ಧತಿಯಂತೆ ಇದರಲ್ಲಿ 16 ವಿಭಾಗಗಳಿರುತ್ತವೆ. ಅಪಾಯದ ಸ್ವರೂಪ, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ವಿಧಾನ, ಸಂಗ್ರಹದ ಕ್ರಮ, ಯಾವ ವಸ್ತುಗಳೊಂದಿಗೆ ಸೇರಬಾರದು ಎಂಬ ವಿವರಗಳನ್ನು ಅದರಲ್ಲಿ ಕಾಣಬಹುದು.

ಪ್ರಯೋಗದ ಪ್ರಮಾಣವನ್ನು ಹೆಚ್ಚಿಸುವಾಗ ಅಪಾಯದ ಅಂದಾಜನ್ನು ಹೊಸದಾಗಿ ಮಾಡಬೇಕಾಗುತ್ತದೆ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಅದರ ಗಾತ್ರ ಎಂಟು ಪಟ್ಟಾಗುತ್ತದೆ. ಆದರೆ ಶಾಖವನ್ನು ಹೊರಬಿಡುವ ಮೇಲ್ಮೈ ಕೇವಲ ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಚಿಕ್ಕ ಫ್ಲಾಸ್ಕಿನಲ್ಲಿ ಶಾಂತವಾಗಿ ನಡೆದ ಬಹಿರುಷ್ಣಕ ಕ್ರಿಯೆಯು ದೊಡ್ಡ ಫ್ಲಾಸ್ಕಿನಲ್ಲಿ ಕಾವೇರಿ ಹತೋಟಿ ತಪ್ಪಬಹುದು.

ನಿಯಂತ್ರಣ ಕ್ರಮಗಳ ಶ್ರೇಣಿ

ಅಪಾಯವನ್ನು ತಗ್ಗಿಸುವ ಕ್ರಮಗಳನ್ನು ಪರಿಣಾಮಕಾರಿತ್ವದ ಆಧಾರದ ಮೇಲೆ ಐದು ಮೆಟ್ಟಿಲುಗಳಲ್ಲಿ ಜೋಡಿಸಲಾಗುತ್ತದೆ. ಮೇಲಿನ ಮೆಟ್ಟಿಲು ಅತ್ಯಂತ ಪರಿಣಾಮಕಾರಿಯಾದದ್ದು.

1. ನಿವಾರಣೆ: ಅಪಾಯಕಾರಿ ವಸ್ತು ಅಥವಾ ಹಂತವನ್ನೇ ಕೈಬಿಡುವುದು.
2. ಬದಲಿ: ಕಡಿಮೆ ಅಪಾಯದ ವಸ್ತುವನ್ನು ಬಳಸುವುದು. ಪಾದರಸದ ಉಷ್ಣಮಾಪಕದ ಬದಲು ಆಲ್ಕೋಹಾಲ್ ಅಥವಾ ಡಿಜಿಟಲ್ ಉಷ್ಣಮಾಪಕ, ಬೆಂಜೀನ್ ಬದಲು ಟಾಲ್ವೀನ್ ಇದಕ್ಕೆ ಉದಾಹರಣೆಗಳು.
3. ತಾಂತ್ರಿಕ ವ್ಯವಸ್ಥೆ: ಫ್ಯೂಮ್ ಹುಡ್, ಸ್ಫೋಟ ತಡೆಯುವ ಗುರಾಣಿ, ಯಂತ್ರದ ತಿರುಗುವ ಭಾಗಗಳ ಮುಚ್ಚಳ, ಒತ್ತಡ ಬಿಡುಗಡೆಯ ಕವಾಟ ಮುಂತಾದವು.
4. ಆಡಳಿತಾತ್ಮಕ ಕ್ರಮ: ತರಬೇತಿ, ಲಿಖಿತ ಕಾರ್ಯವಿಧಾನ, ಅನುಮತಿ ಪದ್ಧತಿ, ಕೆಲಸದ ವೇಳೆಯ ಮಿತಿ.
5. ವೈಯಕ್ತಿಕ ರಕ್ಷಣಾ ಸಾಧನ: ಕನ್ನಡಕ, ಲ್ಯಾಬ್ ಕೋಟ್, ಕೈಗವಸು, ಮುಖಗವಸು.

ಕೋಟು, ಕನ್ನಡಕಗಳು ಸುರಕ್ಷತೆಯ ಮೊದಲ ಗುರುತಾಗಿ ಕಾಣಿಸಿದರೂ ಈ ಶ್ರೇಣಿಯಲ್ಲಿ ಅವುಗಳ ಸ್ಥಾನ ಕೊನೆಯದು. ಮೇಲಿನ ನಾಲ್ಕೂ ಕ್ರಮಗಳು ವಿಫಲವಾದಾಗ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ಆ ಗಳಿಗೆ ಯಾವಾಗ ಬರುವುದೆಂದು ಮುಂಚಿತವಾಗಿ ತಿಳಿಯದಿರುವುದರಿಂದಲೇ ಅವುಗಳನ್ನು ಸದಾ ಧರಿಸಬೇಕೆಂಬ ನಿಯಮವಿದೆ.

ಫ್ಯೂಮ್ ಹುಡ್ ಎಂಬುದು ವಿಷಕಾರಿ ಆವಿಯನ್ನು ಹೊರಗೆಳೆದುಕೊಳ್ಳುವ ಗಾಜಿನ ಬಾಗಿಲಿನ ಗೂಡು. ಅದರ ತೆರೆದ ಮುಖದಲ್ಲಿ ಗಾಳಿಯ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 0.4ರಿಂದ 0.5 ಮೀಟರ್ ಇರಬೇಕೆಂದು ಶಿಫಾರಸು ಮಾಡಲಾಗುತ್ತದೆ. ಪಾತ್ರೆಗಳನ್ನು ಅಂಚಿನಿಂದ ಕನಿಷ್ಠ 15 ಸೆಂಟಿಮೀಟರ್ ಒಳಗಿಡುವುದು, ಬಾಗಿಲನ್ನು ಆದಷ್ಟು ಕೆಳಗಿಳಿಸಿ ಕೆಲಸ ಮಾಡುವುದು, ತಲೆಯನ್ನು ಒಳಗೆ ಚಾಚದಿರುವುದು ಇದರ ಬಳಕೆಯ ಮುಖ್ಯ ನಿಯಮಗಳು. ಹುಡ್‌ನ್ನು ಬಾಟಲಿಗಳ ಕಪಾಟಿನಂತೆ ತುಂಬಿಸಿದರೆ ಗಾಳಿಯ ಹರಿವಿಗೆ ಅಡ್ಡಿಯಾಗಿ ಆವಿ ಹೊರಗೆ ಬರುತ್ತದೆ.

ಸಾಮಾನ್ಯ ನಿಯಮಗಳು

ಬಹುತೇಕ ಎಲ್ಲ ಪ್ರಯೋಗಾಲಯಗಳಿಗೂ ಅನ್ವಯಿಸುವ ನಿಯಮಗಳು ಹೀಗಿವೆ:

* ಪ್ರಯೋಗಾಲಯದ ಒಳಗೆ ತಿನ್ನುವುದು, ಕುಡಿಯುವುದು, ಸೌಂದರ್ಯವರ್ಧಕ ಹಚ್ಚಿಕೊಳ್ಳುವುದು ನಿಷಿದ್ಧ. ರಾಸಾಯನಿಕಗಳನ್ನಿಡುವ ಫ್ರಿಜ್‌ನಲ್ಲಿ ಊಟದ ಡಬ್ಬಿ ಇಡುವಂತಿಲ್ಲ.
* ಪಿಪೆಟ್ಟಿನಲ್ಲಿ ಬಾಯಿಯಿಂದ ದ್ರವವನ್ನು ಎಳೆಯಬಾರದು. ರಬ್ಬರ್ ಬಲ್ಬ್ ಅಥವಾ ಯಾಂತ್ರಿಕ ಪಿಪೆಟ್ ಬಳಸಬೇಕು.
* ಯಾವ ವಸ್ತುವನ್ನೂ ರುಚಿ ನೋಡಬಾರದು. ವಾಸನೆ ನೋಡಲೇಬೇಕಾದಲ್ಲಿ ಕೈಯಿಂದ ಆವಿಯನ್ನು ಮೆಲ್ಲಗೆ ಮೂಗಿನತ್ತ ಬೀಸಿಕೊಳ್ಳಬೇಕು.
* ಪ್ರನಾಳವನ್ನು ಕಾಯಿಸುವಾಗ ಅದರ ಬಾಯಿ ತನ್ನ ಕಡೆಗಾಗಲಿ ಇತರರ ಕಡೆಗಾಗಲಿ ಇರಬಾರದು.
* ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಬೇಕು. ದುಪ್ಪಟ್ಟಾ, ಸೀರೆಯ ಸೆರಗು, ಟೈ, ನೇತಾಡುವ ಸರ, ಗುರುತಿನ ಚೀಟಿಯ ದಾರ ಇವು ಕೋಟಿನ ಒಳಗಿರಬೇಕು.
* ಚಪ್ಪಲಿಯ ಬದಲು ಪಾದವನ್ನು ಪೂರ್ತಿ ಮುಚ್ಚುವ ಶೂ ಧರಿಸಬೇಕು.
* ಪ್ರತಿ ಬಾಟಲಿಯ ಮೇಲೆ ವಸ್ತುವಿನ ಪೂರ್ಣ ಹೆಸರು, ಸಾಂದ್ರತೆ, ತಯಾರಿಸಿದ ದಿನಾಂಕ ಮತ್ತು ತಯಾರಿಸಿದವರ ಹೆಸರು ಇರಬೇಕು. ಚೀಟಿಯಿಲ್ಲದ ಬಾಟಲಿಯ ವಸ್ತುವನ್ನು ಊಹೆಯ ಮೇಲೆ ಬಳಸಬಾರದು.
* ಅಪಾಯಕಾರಿ ಕೆಲಸವನ್ನು ಒಬ್ಬರೇ, ಅದರಲ್ಲೂ ರಾತ್ರಿ ವೇಳೆ, ಮಾಡಬಾರದು.
* ಕೈಗವಸು ಧರಿಸಿ ಬಾಗಿಲ ಹಿಡಿ, ಮೊಬೈಲ್ ಫೋನ್, ಲಿಫ್ಟಿನ ಗುಂಡಿ ಮುಟ್ಟಬಾರದು. ಹೊರಡುವ ಮುನ್ನ ಸೋಪಿನಿಂದ ಕೈ ತೊಳೆಯಬೇಕು.
* ಲ್ಯಾಬ್ ಕೋಟ್ ಧರಿಸಿ ಕ್ಯಾಂಟೀನ್, ಗ್ರಂಥಾಲಯಗಳಿಗೆ ಹೋಗಬಾರದು.

ಕೋಟಿನ ಬಟ್ಟೆಯೂ ಮುಖ್ಯವಾದದ್ದು. ಬೆಂಕಿ ತಗುಲಿದಾಗ ಹಲವು ಕೃತಕ ನೂಲಿನ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯ ಬಟ್ಟೆ ಹಾಗೆ ಅಂಟುವುದಿಲ್ಲ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತುಗಳ ಕೆಲಸಕ್ಕೆ ಬೆಂಕಿ ನಿರೋಧಕ ಕೋಟು ಬೇಕು. ಕೈಗವಸುಗಳಲ್ಲಿಯೂ ಎಲ್ಲ ವಸ್ತುಗಳನ್ನು ತಡೆಯುವ ಒಂದೇ ಬಗೆ ಇಲ್ಲ. ಸಾಮಾನ್ಯ ಬಳಕೆಯ ತೆಳು ನೈಟ್ರೈಲ್ ಕೈಗವಸನ್ನು ಅಸಿಟೋನ್, ಡೈಕ್ಲೋರೋಮೀಥೇನ್‌ನಂತಹ ದ್ರಾವಕಗಳು ಬೇಗನೆ ಭೇದಿಸುತ್ತವೆ. ದ್ರಾವಕ ಚೆಲ್ಲಿದ ಕೂಡಲೇ ಕೈಗವಸನ್ನು ಬದಲಿಸಬೇಕು.

ರಾಸಾಯನಿಕಗಳ ಬಳಕೆ ಮತ್ತು ಸಂಗ್ರಹ

ಸಾಂದ್ರ ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ಸಲ್ಫ್ಯೂರಿಕ್ ಆಮ್ಲ ನೀರಿನೊಂದಿಗೆ ಬೆರೆಯುವಾಗ ಹೆಚ್ಚಿನ ಶಾಖ ಹೊರಬರುತ್ತದೆ. ನೀರಿಗಿಂತ ಭಾರವಾದ ಆಮ್ಲದ ಮೇಲೆ ನೀರು ಬಿದ್ದರೆ ಮೇಲ್ಪದರದಲ್ಲೇ ಕುದಿದು ಆಮ್ಲವನ್ನು ಹೊರಗೆ ಸಿಡಿಸುತ್ತದೆ. ನೀರಿನ ಪ್ರಮಾಣ ಹೆಚ್ಚಿದ್ದು ಆಮ್ಲ ಸ್ವಲ್ಪಸ್ವಲ್ಪವೇ ಸೇರಿದಾಗ ಆ ಶಾಖವನ್ನು ನೀರು ಹೀರಿಕೊಳ್ಳುತ್ತದೆ.

ಬಾಟಲಿಗಳನ್ನು ಅಕಾರಾದಿಯಾಗಿ ಜೋಡಿಸುವುದು ಹುಡುಕಲು ಸುಲಭವಾದರೂ ಅಪಾಯಕಾರಿ. ಹಾಗೆ ಮಾಡಿದರೆ ಪ್ರಬಲ ಉತ್ಕರ್ಷಕವಾದ ನೈಟ್ರಿಕ್ ಆಮ್ಲದ ಪಕ್ಕದಲ್ಲೇ ನೈಟ್ರೋಬೆಂಜೀನ್ ಬರುತ್ತದೆ. ಇವೆರಡೂ ಬೆರೆತರೆ ಸ್ಫೋಟಕ ಮಿಶ್ರಣವಾಗುತ್ತದೆ. ಆದ್ದರಿಂದ ಮೊದಲು ಅಪಾಯದ ವರ್ಗಕ್ಕೆ ಅನುಗುಣವಾಗಿ ಬೇರ್ಪಡಿಸಿ, ಆ ಬಳಿಕ ಆಯಾ ವರ್ಗದೊಳಗೆ ಮಾತ್ರ ಅಕಾರಾದಿ ಕ್ರಮ ಅನುಸರಿಸಲಾಗುತ್ತದೆ. ಆಮ್ಲಗಳು ಮತ್ತು ಪ್ರತ್ಯಾಮ್ಲಗಳು, ಉತ್ಕರ್ಷಕಗಳು ಮತ್ತು ದಹನಶೀಲ ದ್ರಾವಕಗಳು, ನೀರಿನೊಂದಿಗೆ ವರ್ತಿಸುವ ಲೋಹಗಳು ಮತ್ತು ಜಲೀಯ ದ್ರಾವಣಗಳು ಪರಸ್ಪರ ದೂರವಿರಬೇಕು. ಭಾರವಾದ ಹಾಗೂ ಚರ್ಮ ಸುಡುವ ದ್ರವಗಳ ಬಾಟಲಿಗಳನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಡಬಾರದು.

ಡೈಈಥೈಲ್ ಈಥರ್ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕರ್ನಾಟಕದ ಹಲವು ಊರುಗಳಲ್ಲಿ ಬೇಸಿಗೆಯ ಹಗಲಿನ ಉಷ್ಣತೆ ಇದನ್ನು ಮೀರುತ್ತದೆ. ಅದರ ಆವಿ ಗಾಳಿಗಿಂತ ಭಾರವಾಗಿದ್ದು ಮೇಜಿನ ಮೇಲೆ ಹರಿದು ದೂರದ ಜ್ವಾಲೆಯನ್ನು ತಲುಪಬಲ್ಲದು. ಮನೆಬಳಕೆಯ ಫ್ರಿಜ್‌ನ ಒಳಗಿರುವ ಸ್ವಿಚ್ಚಿನ ಕಿಡಿಯೂ ಅದನ್ನು ಹೊತ್ತಿಸಬಹುದಾದ್ದರಿಂದ ಇಂತಹ ದ್ರಾವಕಗಳಿಗೆ ಕಿಡಿರಹಿತ ಶೀತಕ ಬೇಕು. ಈಥರ್‌ಗಳು ಗಾಳಿಯೊಂದಿಗೆ ವರ್ತಿಸಿ ಕ್ರಮೇಣ ಸ್ಫೋಟಕ ಪೆರಾಕ್ಸೈಡ್‌ಗಳಾಗುತ್ತವೆ. ಬಾಟಲಿಯನ್ನು ತೆರೆದ ದಿನಾಂಕ ಬರೆದಿಡಬೇಕೆಂಬ ನಿಯಮದ ಕಾರಣ ಇದೇ. ಹರಳುಗಟ್ಟಿದ ಹಳೆಯ ಈಥರ್ ಬಾಟಲಿಯ ಮುಚ್ಚಳವನ್ನು ತಿರುಗಿಸುವುದೂ ಪ್ರಾಣಾಪಾಯಕರ.

ಅನಿಲ, ಅತಿಶೀತ ದ್ರವ ಮತ್ತು ಯಂತ್ರಗಳು

ತುಂಬಿದ ಅನಿಲ ಸಿಲಿಂಡರಿನಲ್ಲಿ ಒತ್ತಡವು ವಾತಾವರಣದ ಒತ್ತಡದ ನೂರೈವತ್ತು ಪಟ್ಟಿನಷ್ಟಿರಬಹುದು. ಸಿಲಿಂಡರ್ ಉರುಳಿ ಅದರ ಕವಾಟ ಮುರಿದರೆ ಹೊರನುಗ್ಗುವ ಅನಿಲದ ರಭಸಕ್ಕೆ ಇಡೀ ಸಿಲಿಂಡರ್ ರಾಕೆಟ್ಟಿನಂತೆ ಚಿಮ್ಮುತ್ತದೆ. ಆದ್ದರಿಂದ ಅದನ್ನು ಗೋಡೆಗೆ ಸರಪಳಿಯಿಂದ ಬಿಗಿಯಬೇಕು. ಸಾಗಿಸುವಾಗ ಕವಾಟದ ಟೋಪಿ ಹಾಕಿ ಕೈಗಾಡಿ ಬಳಸಬೇಕು. ಆಮ್ಲಜನಕದ ಸಿಲಿಂಡರಿನ ಜೋಡಣೆಗಳಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅದು ಚರ್ಮವನ್ನು ಹೆಪ್ಪುಗಟ್ಟಿಸುವುದಲ್ಲದೆ, ಒಂದು ಲೀಟರ್ ದ್ರವವು ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಅನಿಲವು ಆಮ್ಲಜನಕದ ಪ್ರಮಾಣವನ್ನು ತಗ್ಗಿಸಿ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದೆಯೇ ವ್ಯಕ್ತಿಯನ್ನು ಪ್ರಜ್ಞೆ ತಪ್ಪಿಸುತ್ತದೆ. ಲಿಫ್ಟಿನಲ್ಲಿ ದ್ರವ ಸಾರಜನಕದ ಪಾತ್ರೆಯೊಂದಿಗೆ ಜನರು ಪ್ರಯಾಣಿಸಬಾರದೆಂಬ ನಿಯಮ ಇದರಿಂದ ಹುಟ್ಟಿದ್ದು.

ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎದುರುಬದುರಿನ ನಳಿಕೆಗಳ ತೂಕ ಸಮನಾಗಿರಬೇಕು. ಅಧಿಕ ಶಕ್ತಿಯ ಲೇಸರ್ ಬಳಸುವಾಗ ಅದರ ತರಂಗಾಂತರಕ್ಕೆ ತಕ್ಕ ಕನ್ನಡಕ ಧರಿಸಬೇಕು. ಒಂದು ಲೇಸರ್‌ಗಾಗಿ ಮಾಡಿದ ಕನ್ನಡಕ ಮತ್ತೊಂದಕ್ಕೆ ಉಪಯೋಗವಾಗದಿರಬಹುದು. ಲೇತ್‌ನಂತಹ ತಿರುಗುವ ಯಂತ್ರಗಳ ಬಳಿ ಕೈಗವಸನ್ನೂ ಸಡಿಲ ಬಟ್ಟೆಯನ್ನೂ ಧರಿಸಬಾರದು.

ಜೈವಿಕ ಮತ್ತು ವಿಕಿರಣ ಸುರಕ್ಷತೆ

ಸೂಕ್ಷ್ಮಜೀವಿಗಳ ಪ್ರಯೋಗಾಲಯಗಳನ್ನು ನಾಲ್ಕು ಜೈವಿಕ ಸುರಕ್ಷತಾ ಮಟ್ಟಗಳಾಗಿ ವಿಂಗಡಿಸಲಾಗಿದೆ. ಆರೋಗ್ಯವಂತರಿಗೆ ರೋಗ ತರದ ಜೀವಿಗಳಿಗೆ ಮೊದಲನೆಯ ಮಟ್ಟ ಸಾಕು. ಕ್ಷಯದ ಬ್ಯಾಕ್ಟೀರಿಯಾವನ್ನು ಬೆಳೆಸಿ ಅಧ್ಯಯನ ಮಾಡಲು ಮೂರನೆಯ ಮಟ್ಟ ಬೇಕಾಗುತ್ತದೆ. ಎಬೋಲಾದಂತಹ ಮಾರಕ ವೈರಸ್‌ಗಳಿಗೆ ನಾಲ್ಕನೆಯ ಮಟ್ಟ ಕಡ್ಡಾಯ. ಭಾರತದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಬಳಸಿದ ಕೃಷಿ ಮಾಧ್ಯಮಗಳನ್ನು ಎಸೆಯುವ ಮುನ್ನ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಇಟ್ಟು ಸೂಕ್ಷ್ಮಜೀವಿಗಳನ್ನು ನಾಶಪಡಿಸಲಾಗುತ್ತದೆ. ಬಳಸಿದ ಸೂಜಿಗೆ ಮತ್ತೆ ಟೋಪಿ ಹಾಕಲು ಯತ್ನಿಸುವುದು ಚುಚ್ಚುಗಾಯಗಳಿಗೆ ಸಾಮಾನ್ಯ ಕಾರಣವಾದ್ದರಿಂದ ಅದನ್ನು ನಿಷೇಧಿಸಲಾಗಿದೆ.

ವಿಕಿರಣದಿಂದ ರಕ್ಷಣೆಗೆ ಮೂರು ಸೂತ್ರಗಳಿವೆ: ಸಮಯ ಕಡಿಮೆ ಮಾಡುವುದು, ದೂರ ಹೆಚ್ಚಿಸುವುದು, ನಡುವೆ ತಡೆ ಇಡುವುದು. ಬಿಂದು ಮೂಲದಿಂದ ದೂರವನ್ನು ಎರಡು ಪಟ್ಟು ಮಾಡಿದರೆ ವಿಕಿರಣದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಭಾರತದಲ್ಲಿ ವಿಕಿರಣದೊಂದಿಗೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವಾರ್ಷಿಕ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯಿದೆ.

ತ್ಯಾಜ್ಯ ವಿಲೇವಾರಿ

ಪ್ರಯೋಗ ಮುಗಿದ ಬಳಿಕವೂ ಅಪಾಯ ಉಳಿದಿರುತ್ತದೆ. ಸಾವಯವ ದ್ರಾವಕಗಳನ್ನೂ ಭಾರ ಲೋಹಗಳ ದ್ರಾವಣಗಳನ್ನೂ ಸಿಂಕಿಗೆ ಸುರಿಯುವಂತಿಲ್ಲ. ಹ್ಯಾಲೊಜನ್ ಇರುವ ಮತ್ತು ಇಲ್ಲದ ದ್ರಾವಕಗಳು, ಆಮ್ಲಗಳು, ಪಾದರಸ ಇವನ್ನು ಬೇರೆಬೇರೆ ಪಾತ್ರೆಗಳಲ್ಲಿ ಸಂಗ್ರಹಿಸಬೇಕು. ನೈಟ್ರಿಕ್ ಆಮ್ಲದ ತ್ಯಾಜ್ಯಕ್ಕೆ ಸಾವಯವ ದ್ರಾವಕ ಸೇರಿದರೆ ನಿಧಾನವಾಗಿ ಅನಿಲ ಉತ್ಪತ್ತಿಯಾಗಿ, ಬಿಗಿಯಾಗಿ ಮುಚ್ಚಿದ ಬಾಟಲಿ ಗಂಟೆಗಳ ನಂತರ ಸಿಡಿಯಬಹುದು. ಒಡೆದ ಗಾಜನ್ನು ಕಸದ ಬುಟ್ಟಿಗೆ ಹಾಕದೆ ಪ್ರತ್ಯೇಕ ಗಟ್ಟಿ ಡಬ್ಬಿಯಲ್ಲಿಡಬೇಕು. ಇಲ್ಲವಾದರೆ ಗಾಯವಾಗುವುದು ಸ್ವಚ್ಛತಾ ಸಿಬ್ಬಂದಿಗೆ.

ವಿಶ್ವವಿದ್ಯಾಲಯದ ತ್ಯಾಜ್ಯ ಹೊರಗಿನವರ ಜೀವಕ್ಕೆ ಎರವಾದ ಪ್ರಕರಣ ಭಾರತದಲ್ಲಿಯೇ ನಡೆದಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಲ್ಲಿಲ್ಲದ ಗಾಮಾ ವಿಕಿರಣ ಉಪಕರಣವೊಂದನ್ನು 2010ರ ಆರಂಭದಲ್ಲಿ ಗುಜರಿಯಾಗಿ ಹರಾಜು ಹಾಕಲಾಯಿತು. ಅದರೊಳಗೆ ವಿಕಿರಣಶೀಲ ಕೋಬಾಲ್ಟ್-60 ಹಾಗೆಯೇ ಉಳಿದಿತ್ತು. ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಅದನ್ನು ಬಿಚ್ಚಿದಾಗ ಹಲವರು ವಿಕಿರಣಕ್ಕೆ ತುತ್ತಾದರು. ಆ ಏಪ್ರಿಲ್‌ನಲ್ಲಿ ಒಬ್ಬ ಕಾರ್ಮಿಕ ಮೃತಪಟ್ಟನು.

ತುರ್ತು ಪರಿಸ್ಥಿತಿ

ಪ್ರಯೋಗಾಲಯಕ್ಕೆ ಸೇರಿದ ಮೊದಲ ದಿನವೇ ನಿರ್ಗಮನ ದ್ವಾರಗಳು, ಅಗ್ನಿಶಾಮಕ ಸಾಧನ, ಕಣ್ಣು ತೊಳೆಯುವ ನಲ್ಲಿ, ಸುರಕ್ಷತಾ ಶವರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಾಗೂ ವಿದ್ಯುತ್ ಮತ್ತು ಅನಿಲದ ಮುಖ್ಯ ಸ್ವಿಚ್ಚುಗಳ ಸ್ಥಳವನ್ನು ತಿಳಿದುಕೊಳ್ಳಬೇಕು. ಕಣ್ಣು ತೊಳೆಯುವ ನಲ್ಲಿಯನ್ನು ಸುಮಾರು 10 ಸೆಕೆಂಡುಗಳಲ್ಲಿ ತಲುಪುವಂತಿರಬೇಕು; ದಾರಿಯಲ್ಲಿ ಪೆಟ್ಟಿಗೆ, ಕುರ್ಚಿಗಳು ಅಡ್ಡವಿರಬಾರದು.

* ಕಣ್ಣಿಗೆ ಅಥವಾ ಚರ್ಮಕ್ಕೆ ರಾಸಾಯನಿಕ ತಗುಲಿದರೆ: ತಡಮಾಡದೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ತೊಯ್ದ ಬಟ್ಟೆಯನ್ನು ಸಂಕೋಚಪಡದೆ ತೆಗೆಯಬೇಕು. ಆಮ್ಲಕ್ಕೆ ಪ್ರತ್ಯಾಮ್ಲ ಹಚ್ಚಿ ತಟಸ್ಥಗೊಳಿಸಲು ಹೋದರೆ ಉಂಟಾಗುವ ಶಾಖದಿಂದ ಗಾಯ ಹೆಚ್ಚುತ್ತದೆ.
* ಹೈಡ್ರೋಫ್ಲೋರಿಕ್ ಆಮ್ಲ: ಇದು ಚರ್ಮದ ಮೂಲಕ ಒಳಹೊಕ್ಕು ದೇಹದ ಕ್ಯಾಲ್ಸಿಯಂನೊಂದಿಗೆ ಸೇರುತ್ತದೆ. ನೋವು ತಡವಾಗಿ ಕಾಣಿಸಬಹುದು. ತೊಳೆದ ಬಳಿಕ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಈ ಜೆಲ್ ಇಲ್ಲದ ಪ್ರಯೋಗಾಲಯದಲ್ಲಿ ಈ ಆಮ್ಲವನ್ನು ಬಳಸಬಾರದು.
* ಬಟ್ಟೆಗೆ ಬೆಂಕಿ ಹತ್ತಿದರೆ: ಓಡಬಾರದು. ಹತ್ತಿರದಲ್ಲಿದ್ದರೆ ಶವರ್ ಕೆಳಗೆ ನಿಲ್ಲಬೇಕು. ಇಲ್ಲವಾದರೆ ನೆಲದ ಮೇಲೆ ಮಲಗಿ ಹೊರಳಬೇಕು.
* ಬೆಂಕಿ: ಚಿಕ್ಕ ಬೆಂಕಿಯನ್ನು ಮಾತ್ರ, ಹಿಂದೆ ನಿರ್ಗಮನದ ದಾರಿ ಇಟ್ಟುಕೊಂಡು, ನಂದಿಸಲು ಯತ್ನಿಸಬೇಕು. ದ್ರಾವಕದ ಬೆಂಕಿಗೆ ಇಂಗಾಲದ ಡೈಆಕ್ಸೈಡ್ ಅಥವಾ ಒಣಪುಡಿಯ ಸಾಧನ ಬೇಕು. ಸೋಡಿಯಂ, ಲಿಥಿಯಂನಂತಹ ಲೋಹಗಳ ಬೆಂಕಿಗೆ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಬಳಸದೆ ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿ ಬಳಸಬೇಕು.

ಭಾರತದಲ್ಲಿ ಎಲ್ಲ ತುರ್ತು ಸೇವೆಗಳಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಪ್ರಮುಖ ದುರಂತಗಳು

ಇಂದಿನ ಹಲವು ನಿಯಮಗಳ ಹಿಂದೆ ನಿರ್ದಿಷ್ಟ ದುರಂತಗಳಿವೆ.

ಡಾರ್ಟ್‌ಮತ್ ಕಾಲೇಜು, 1996: ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ ಆಗಸ್ಟ್ 14ರಂದು ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿಗಳು ಬಿದ್ದವು. ಅವರು ಫ್ಯೂಮ್ ಹುಡ್‌ನಲ್ಲಿ, ಅಂದಿನ ನಿಯಮಗಳಂತೆಯೇ ಕೆಲಸ ಮಾಡುತ್ತಿದ್ದರು. ಆದರೆ ಆ ದ್ರವ ಲ್ಯಾಟೆಕ್ಸ್ ಕೈಗವಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆಂಬುದು ಆಗ ತಿಳಿದಿರಲಿಲ್ಲ. ತಿಂಗಳುಗಳ ಬಳಿಕ ಲಕ್ಷಣಗಳು ಕಾಣಿಸಿಕೊಂಡು, 1997ರ ಜೂನ್ 8ರಂದು ಅವರು ನಿಧನರಾದರು. ಕೈಗವಸುಗಳ ಆಯ್ಕೆಯನ್ನು ವಸ್ತುವಾರು ಪರೀಕ್ಷಿಸುವ ಪದ್ಧತಿಗೆ ಈ ಘಟನೆ ಒತ್ತು ನೀಡಿತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಲಾಸ್ ಏಂಜಲೀಸ್, 2008: ಡಿಸೆಂಬರ್ 29ರಂದು 23 ವರ್ಷದ ಸಂಶೋಧನಾ ಸಹಾಯಕಿ ಶೆಹರ್‌ಬಾನೊ ಸಾಂಗ್ಜಿ ಗಾಳಿ ತಾಗಿದೊಡನೆ ಉರಿಯುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ ದ್ರಾವಣವನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಾಗ ಅದರ ಒಳಗೊಳವೆ ಕಳಚಿ ಬಂದಿತು. ಅವರು ಲ್ಯಾಬ್ ಕೋಟ್ ಧರಿಸಿರಲಿಲ್ಲ. ಧರಿಸಿದ್ದ ಕೃತಕ ನೂಲಿನ ಸ್ವೆಟರ್‌ಗೆ ಬೆಂಕಿ ಹತ್ತಿತು. 18 ದಿನಗಳ ಬಳಿಕ ಅವರು ಮೃತಪಟ್ಟರು. ಕೆಲವೇ ತಿಂಗಳ ಹಿಂದೆ ನಡೆದಿದ್ದ ತಪಾಸಣೆಯಲ್ಲಿ ಅಲ್ಲಿ ಕೋಟು ಧರಿಸದಿರುವುದನ್ನು ಗುರುತಿಸಲಾಗಿತ್ತು. ವಿಶ್ವವಿದ್ಯಾಲಯದ ಮೇಲೂ ಪ್ರಯೋಗಾಲಯದ ಮುಖ್ಯಸ್ಥರ ಮೇಲೂ ಕ್ರಿಮಿನಲ್ ಮೊಕದ್ದಮೆ ದಾಖಲಾಗಿ, ಮುಂದೆ ಒಪ್ಪಂದಗಳಲ್ಲಿ ಇತ್ಯರ್ಥವಾಯಿತು.

ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯ, 2010: ನಿಕ್ಕಲ್ ಹೈಡ್ರಜೀನ್ ಪರ್ಕ್ಲೋರೇಟ್ ಎಂಬ ಸ್ಫೋಟಕ ಸಂಯುಕ್ತವನ್ನು 100 ಮಿಲಿಗ್ರಾಂಗಿಂತ ಹೆಚ್ಚು ತಯಾರಿಸಬಾರದೆಂಬ ಮೌಖಿಕ ಮಿತಿಯಿತ್ತು. ವಿದ್ಯಾರ್ಥಿಗಳು ಸುಮಾರು 10 ಗ್ರಾಂ ತಯಾರಿಸಿದರು. ಅದರ ಗಂಟುಗಳನ್ನು ಪುಡಿಮಾಡುತ್ತಿದ್ದಾಗ ಸ್ಫೋಟವಾಗಿ ಒಬ್ಬ ವಿದ್ಯಾರ್ಥಿ ಮೂರು ಬೆರಳುಗಳನ್ನು ಕಳೆದುಕೊಂಡನು. ಹಿಂದೆ ನಡೆದಿದ್ದ ಅವಘಡಗಳ ಪಾಠಗಳು ಸರಿಯಾಗಿ ದಾಖಲಾಗಿ ಎಲ್ಲರಿಗೂ ತಲುಪುತ್ತಿರಲಿಲ್ಲವೆಂದು ತನಿಖೆ ತಿಳಿಸಿತು.

ಯೇಲ್ ವಿಶ್ವವಿದ್ಯಾಲಯ, 2011: ಏಪ್ರಿಲ್‌ನ ಒಂದು ರಾತ್ರಿ ಯಂತ್ರಶಾಲೆಯಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯ ಕೂದಲು ಲೇತ್ ಯಂತ್ರಕ್ಕೆ ಸಿಕ್ಕಿ ಆಕೆ ಮೃತಪಟ್ಟಳು.

ಹವಾಯಿ ವಿಶ್ವವಿದ್ಯಾಲಯ, 2016: ಮಾರ್ಚ್ 16ರಂದು ಜಲಜನಕ, ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರಣ ತುಂಬಿದ್ದ ತೊಟ್ಟಿ ಸ್ಫೋಟಿಸಿ ಸಂಶೋಧಕಿಯೊಬ್ಬರು ಒಂದು ತೋಳನ್ನು ಕಳೆದುಕೊಂಡರು. ಸ್ಥಿರ ವಿದ್ಯುತ್ತಿನ ಕಿಡಿಯೇ ಕಾರಣವೆಂದು ತನಿಖೆ ಹೇಳಿತು. ಅದಕ್ಕೂ ಮುನ್ನ ಚಿಕ್ಕ ತೊಟ್ಟಿಯೊಂದರಲ್ಲಿ ಸಣ್ಣ ಸ್ಫೋಟವಾಗಿತ್ತು. ಉಪಕರಣ ಮುಟ್ಟಿದಾಗ ಸ್ಥಿರ ವಿದ್ಯುತ್ತಿನ ಅನುಭವವೂ ಆಗಿತ್ತು.

ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು, 2018: ಡಿಸೆಂಬರ್ 5ರಂದು ಹೈಪರ್‌ಸಾನಿಕ್ ಮತ್ತು ಆಘಾತ ತರಂಗ ಸಂಶೋಧನಾ ಪ್ರಯೋಗಾಲಯದಲ್ಲಿ ನಡೆದ ಅನಿಲ ಸ್ಫೋಟದಲ್ಲಿ ಒಬ್ಬ ಸಂಶೋಧಕ ಮೃತಪಟ್ಟು, ಮೂವರು ಗಾಯಗೊಂಡರು.

ಭಾರತದಲ್ಲಿ ಅನ್ವಯವಾಗುವ ನಿಯಮಗಳು

ಭಾರತದ ಪ್ರಯೋಗಾಲಯಗಳಿಗೆ ಅಪಾಯದ ಸ್ವರೂಪಕ್ಕೆ ತಕ್ಕಂತೆ ಬೇರೆಬೇರೆ ನಿಯಮಗಳು ಅನ್ವಯವಾಗುತ್ತವೆ. ವಿಕಿರಣದ ವಿಷಯದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಅಧಿಕಾರವಿದೆ. ತಳಿ ಮಾರ್ಪಡಿಸಿದ ಜೀವಿಗಳ ಸಂಶೋಧನೆಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳಂತೆ ಪ್ರತಿ ಸಂಸ್ಥೆಯಲ್ಲಿಯೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂಬ ಬಣ್ಣಗಳಲ್ಲಿ ವಿಂಗಡಿಸುತ್ತವೆ. ಚೂಪಾದ ಲೋಹದ ವಸ್ತುಗಳಿಗೆ ಬಿಳಿಯ, ಚುಚ್ಚಿದರೆ ತೂತಾಗದ ಡಬ್ಬಿ ನಿಗದಿಯಾಗಿದೆ. ಅಪಾಯಕಾರಿ ರಾಸಾಯನಿಕ ತ್ಯಾಜ್ಯಕ್ಕೂ ಅನಿಲ ಸಿಲಿಂಡರುಗಳಿಗೂ 2016ರ ಪ್ರತ್ಯೇಕ ನಿಯಮಗಳಿವೆ. ಕರ್ನಾಟಕದಲ್ಲಿ ತ್ಯಾಜ್ಯ ಸಂಬಂಧಿ ನಿಯಮಗಳ ಜಾರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ.

ಹೊಣೆಗಾರಿಕೆ ಮತ್ತು ಘಟನೆಗಳ ವರದಿ

ಸುರಕ್ಷತೆಯ ಹೊಣೆ ಹಲವು ಹಂತಗಳಲ್ಲಿ ಹಂಚಿಕೆಯಾಗಿದೆ. ಸಲಕರಣೆ, ತರಬೇತಿ ಮತ್ತು ತಪಾಸಣೆಯ ವ್ಯವಸ್ಥೆ ಸಂಸ್ಥೆಯದು. ತಮ್ಮ ಪ್ರಯೋಗಾಲಯದ ಪ್ರತಿ ಅಪಾಯಕಾರಿ ಪ್ರಯೋಗಕ್ಕೂ ಲಿಖಿತ ವಿಧಾನ ರೂಪಿಸಿ, ಅದನ್ನು ವಿದ್ಯಾರ್ಥಿ ಅರಿತಿರುವುದನ್ನು ಖಚಿತಪಡಿಸಿಕೊಳ್ಳುವುದು ಮಾರ್ಗದರ್ಶಕರ ಕರ್ತವ್ಯ. ನಿಯಮ ಪಾಲಿಸುವುದು ಮತ್ತು ಅನುಮಾನ ಬಂದಾಗ ಕೇಳುವುದು ವಿದ್ಯಾರ್ಥಿಯ ಕರ್ತವ್ಯ.

ಗಾಯವಾಗದೆ ಸ್ವಲ್ಪದರಲ್ಲಿ ತಪ್ಪಿದ ಅವಘಡಗಳನ್ನೂ ವರದಿ ಮಾಡುವುದು ಇಂದಿನ ಸುರಕ್ಷತಾ ಪದ್ಧತಿಯ ಮುಖ್ಯ ಅಂಗ. ಲಾಸ್ ಏಂಜಲೀಸ್, ಟೆಕ್ಸಸ್ ಮತ್ತು ಹವಾಯಿಯ ಮೂರೂ ಪ್ರಕರಣಗಳಲ್ಲಿ ದುರಂತಕ್ಕೆ ಮುನ್ನ ಎಚ್ಚರಿಕೆಯ ಸೂಚನೆಗಳಿದ್ದವು: ಒಂದೆಡೆ ತಪಾಸಣೆಯ ಟಿಪ್ಪಣಿ, ಒಂದೆಡೆ ಹಿಂದಿನ ಅವಘಡ, ಇನ್ನೊಂದೆಡೆ ಸಣ್ಣ ಕಿಡಿ. ಅವು ಕಾಲಕ್ಕೆ ಸರಿಯಾಗಿ ಕ್ರಮವಾಗಿ ಬದಲಾಗಲಿಲ್ಲ. ವರದಿ ಮಾಡಿದವರಿಗೆ ಬೈಗುಳ ಅಥವಾ ದಂಡ ಎದುರಾಗುವ ಕಡೆ ವಿದ್ಯಾರ್ಥಿಗಳು ಚೆಲ್ಲಿದ ಆಮ್ಲವನ್ನು ಸದ್ದಿಲ್ಲದೆ ಒರೆಸಿ ಸುಮ್ಮನಾಗುತ್ತಾರೆ. ಅದೇ ತಪ್ಪು ಮುಂದಿನ ತಂಡದಲ್ಲಿ ಮರುಕಳಿಸುತ್ತದೆ. ಈ ಕಾರಣದಿಂದ ಹಲವು ಸಂಸ್ಥೆಗಳು ವರದಿ ಮಾಡಿದವರ ಹೆಸರನ್ನು ಗೋಪ್ಯವಾಗಿಟ್ಟು, ತಪ್ಪು ಯಾರದೆನ್ನುವುದಕ್ಕಿಂತ ಅದು ಹೇಗಾಯಿತು ಎಂಬುದನ್ನು ತಂಡದ ಸಭೆಗಳಲ್ಲಿ ಚರ್ಚಿಸುವ ಪದ್ಧತಿಯನ್ನು ಅಳವಡಿಸಿಕೊಂಡಿವೆ.